ತಿರುಗದ ಫ್ಯಾನು

ಆ ಹೆಂಚು ಕಾರ್ಖಾನೆಯಲ್ಲಿ ಡ್ರೈವ್‌ಗಳನ್ನು ಹೊಂದಿಸುವ ಇಂಜಿನಿಯರು ಅವಳೊಬ್ಬಳೇ. ಮೋಟಾರು ಯಾವಾಗ ಹೊರಡಬೇಕು, ಎಷ್ಟು ವೇಗ, ಹೇಗೆ ನಿಲ್ಲಬೇಕು ಎಂಬುದೆಲ್ಲ ಡ್ರೈವ್ ಎಂಬ ಆ ಪೆಟ್ಟಿಗೆಯ ಕೈಯಲ್ಲಿ. ಕಂಟ್ರೋಲ್ ರಿಜಿಸ್ಟರ್ ಎಂಬ ಅದರ ನೆನಪಿನ ಖಾನೆಗೆ ಅವಳು ಲ್ಯಾಪ್‌ಟಾಪಿನಿಂದ ಅಪ್ಪಣೆ ಬರೆಯುತ್ತಾಳೆ. ಸ್ಟೇಟಸ್ ರಿಜಿಸ್ಟರಿನಲ್ಲಿ ಅದು ತನ್ನ ಸ್ಥಿತಿ ಹೇಳುತ್ತದೆ. ಅಕ್ಕನ ಗಂಡ ಅಲ್ಲೇ ವೆಲ್ಡರ್. ಅಪ್ಪ ಹೋದ ಮೇಲೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನೇ. ಈಗಲೂ ಮೂವರೂ ಒಂದೇ ಮನೆಯಲ್ಲಿದ್ದರು.

ಬೆಳಿಗ್ಗೆ ಗೇಟಿನ ಬಳಿ ಅವಳು ಕೇಳಿದ್ದಳು, “ಇವತ್ತೆಲ್ಲಿ ಭಾವ ಕೆಲ್ಸ?”

“ಮಣ್ಣು ಅರೆಯೋ ಡ್ರಮ್ಮಿನ ಹೊಟ್ಟೆಯೊಳಗೆ. ಒಳಗಿನ ತಗಡು ಸೀಳಿದೆ. ನಿಂದು?”

“ಒಣಗಿಸೋ ಕೋಣೆಗೆ ಹೊಸ ಫ್ಯಾನು.”

“ನನ್ನ ಕಡೆಗೂ ಚೂರು ಗಾಳಿ ಬಿಡಮ್ಮ, ಒಳಗೆ ಬೆಂದು ಬದನೆಕಾಯಿ ಆಗ್ತೀನಿ.”

ಒಂದೇ ತಂತಿಯಲ್ಲಿ ಹತ್ತಾರು ಡ್ರೈವ್‌ಗಳಿದ್ದವು; ಒಂದೊಂದಕ್ಕೂ ಒಂದು ನಂಬರು. ಪ್ಯಾನೆಲ್ ಬಾಗಿಲಿಗೆ ಅಂಟಿಸಿದ್ದ ನಕ್ಷೆಯಲ್ಲಿ ಐದನೇ ನಂಬರು ಖಾಲಿಯಿತ್ತು. ಫ್ಯಾನಿನ ಡ್ರೈವಿಗೆ ಅದನ್ನೇ ಕೊಟ್ಟಳು. ಲ್ಯಾಪ್‌ಟಾಪಿನಿಂದ ಐದನ್ನು ಕರೆದಳು. ‘ಸಿದ್ಧ’ ಎಂದಿತು ಸ್ಟೇಟಸ್. ‘ಹೊರಡು’ ಎಂದು ಬರೆದಳು. ‘ತಿರುಗುತ್ತಿದೆ’ ಎಂದಿತು. ವೇಗದ ಅಂಕಿ ಮೆಲ್ಲಗೆ ಏರತೊಡಗಿತು.

ಗಾಜಿನಾಚೆ ಫ್ಯಾನು ನಿಂತೇ ಇತ್ತು. ರೆಕ್ಕೆಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿ ಕೂಡ ಅಲುಗಲಿಲ್ಲ.

ಕೇಬಲ್ ಸಡಿಲವಿರಬೇಕು ಅಂದುಕೊಂಡಳು. ಅಷ್ಟರಲ್ಲಿ ಚಪ್ಪಲಿಯ ಅಡಿಯಲ್ಲಿ ನೆಲ ಗುಂಯ್ಗುಟ್ಟಿತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಶೆಡ್ಡಿನ ಡ್ರಮ್ಮು ತಿರುಗುವ ಸದ್ದು.

ಭಾವ ಅದರ ಹೊಟ್ಟೆಯೊಳಗಿದ್ದ. ಐದನೇ ನಂಬರು ಖಾಲಿಯಿರಲಿಲ್ಲ, ಅದು ಡ್ರಮ್ಮಿನದು; ನಕ್ಷೆ ಹಳೆಯದು. ಫ್ಯಾನಿನ ಡ್ರೈವನ್ನು ಒಮ್ಮೆ ಆರಿಸಿ ಹಚ್ಚದೆ ಅದು ಹೊಸ ನಂಬರಿಗೆ ಓಗೊಡುವುದಿಲ್ಲ. ಇಷ್ಟು ಹೊತ್ತು ಓಗೊಟ್ಟಿದ್ದು ಡ್ರಮ್ಮು.

‘ನಿಲ್ಲು’ ಎಂದು ಬರೆಯಲು ಬೆರಳು ಎರಡು ಸಲ ತಪ್ಪು ಕೀಲಿಗೆ ಬಿತ್ತು. ಬರೆದ ಮೇಲೂ ಸ್ಟೇಟಸ್ ‘ತಿರುಗುತ್ತಿದೆ’ ಎಂದೇ ತೋರಿಸಿತು. ಭಾರದ ಡ್ರಮ್ಮು ಗಕ್ಕನೆ ನಿಲ್ಲಬಾರದೆಂದು, ಮೆಲ್ಲಮೆಲ್ಲಗೆ ನಿಲ್ಲುವಂತೆ ಹೊಂದಿಸಿದ್ದವಳು ಅವಳೇ. ಕುರ್ಚಿ ಹಿಂದಕ್ಕೆ ಬಿತ್ತು. ಅವಳು ಓಡಿದಳು.

ಶೆಡ್ಡಿನಲ್ಲಿ ಮೇಸ್ತ್ರಿ ಕಲ್ಲಾಗಿ ನಿಂತಿದ್ದ. ಡ್ರಮ್ಮಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ನಡುನಡುವೆ ಮೆತ್ತಗಿನ ಏನೋ ಬೀಳುವ ಸದ್ದು. ಆ ಎರಡನೆಯದನ್ನು ಕೇಳಲಾರದೆ ಅವಳು ತುರ್ತಿಗೆ ನಿಲ್ಲಿಸುವ ಕೆಂಪು ಗುಂಡಿಯನ್ನು ಮುಷ್ಟಿಯಿಂದ ಗುದ್ದಿದಳು. ಡ್ರಮ್ಮು ಹಿಂದೆ ಮುಂದೆ ತೂಗಿ ನಿಂತಿತು.

ಅವಳು ಡ್ರಮ್ಮಿನ ಏಣಿಗೆ ಕೈಹಾಕಿ ಕೂಗಿದಳು.

“ಭಾವಾ!”

ಏಣಿ ಹತ್ತಿ ಬಾಯಿಕಿಂಡಿಯಲ್ಲಿ ತಲೆ ತೂರಿಸಿದಳು. ಕತ್ತಲೆ, ಸುಟ್ಟ ವಾಸನೆ, ಹಗ್ಗದಂತೆ ಹೊಸೆದುಹೋದ ವೆಲ್ಡಿಂಗ್ ಕೇಬಲ್ಲು. ಅಕ್ಕನಿಗೆ ಏನೆಂದು ಹೇಳಲಿ ಎಂಬ ಒಂದೇ ಮಾತು ತಲೆಯೊಳಗೆ ಬಡಿಯುತ್ತಿತ್ತು.

ತಳದಿಂದ ಕೆಮ್ಮು ಕೇಳಿಸಿತು. “ಯಾವ ಬಡ್ಡಿಮಗನೋ ಆನ್ ಮಾಡಿದ್ದು?”

ಬೈಗುಳ ಕೇಳಿ ಅವಳಿಗೆ ಹೋದ ಜೀವ ಬಂದಂತಾಯಿತು. “ನಾನೇ ಭಾವ.”

ಒಳಗಿಂದ ಅವನು ಮತ್ತೆ ಕೆಮ್ಮಿದ. “ಮೊದ್ಲು ಮೇನ್ ಸ್ವಿಚ್ಚು ಇಳಿಸು. ಆಮೇಲೆ ಅಳುವಂತೆ.”

ಅವಳು ಮೇಸ್ತ್ರಿಯ ಕಡೆ ತಿರುಗಿದಳು. “ಮೇನ್ ಇಳಿಸಿರ್ಲಿಲ್ವಾ?”

“ಸ್ಟಾಪ್ ಒತ್ತಿದ್ದೆ ಮೇಡಂ... ಚಿಕ್ಕ ಕೆಲ್ಸ ಅಂತ...” ಸ್ಟಾಪ್ ಒತ್ತಿದರೆ ಡ್ರಮ್ಮು ನಿಲ್ಲುತ್ತದೆ, ಡ್ರೈವಿನ ಕರೆಂಟು ಹೋಗುವುದಿಲ್ಲ. ಬೈಯಲು ಅವಳಿಗೂ ಬಾಯಿರಲಿಲ್ಲ. ಮೇನ್ ಇಳಿಸಿ, ಬೀಗ ಜಡಿದು, ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಭಾವನಿಗೆ ಹೆಗಲ ಮೂಳೆ ಮುರಿದಿತ್ತು, ಮೊಣಕೈ ಸುಟ್ಟಿತ್ತು. ಜೀವಕ್ಕೇನೂ ಅಪಾಯವಿಲ್ಲ ಎಂದರು ಡಾಕ್ಟರು. ಅಕ್ಕ ಆಸ್ಪತ್ರೆಗೆ ಓಡಿಬಂದಾಗ ಅವನೇ ಮೊದಲು ಬಾಯಿ ತೆಗೆದ.

“ಮೆಷೀನು ಕಣೇ, ತಾನಾಗೇ ಹೊರಟುಬಿಡ್ತು.”

“ತಾನಾಗೇ ಅಲ್ಲ ಅಕ್ಕ,” ಎಂದಳು ತಂಗಿ. “ನಾನು ಹೊರಡಿಸಿದ್ದು. ನಂಬರು ತಪ್ಪಿತ್ತು. ಫ್ಯಾನು ಅಂದ್ಕೊಂಡೆ.”

ಅಕ್ಕ ಗಂಡನಿಗೆ ಚಮಚದಲ್ಲಿ ನೀರು ಕುಡಿಸಿದಳು, ಹೊದಿಕೆ ಸರಿಪಡಿಸಿದಳು, ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಅವಳ ಪಕ್ಕದಲ್ಲಿ ಕೂರುವುದೋ ಬೇಡವೋ ತಿಳಿಯದೆ ತಂಗಿ ಗೋಡೆಗೆ ಆತು ನಿಂತಳು. ಡ್ರಮ್ಮಿನ ಬಾಯಲ್ಲಿ ಆದಷ್ಟೇ ಹೆದರಿಕೆ ಈಗ ಮತ್ತೆ ಆಯಿತು.

“ಅವ್ರಿಗೆ ಏನಾದ್ರೂ ಆಗಿದ್ದಿದ್ರೆ,” ಅಕ್ಕ ನೆಲ ನೋಡುತ್ತ ಹೇಳಿದಳು, “ನಾನು ನಿನ್ನ ಮುಖ ನೋಡ್ತಿರ್ಲಿಲ್ಲ.”

“ಗೊತ್ತು.”

“ನಿಂಗೇನು ಗೊತ್ತು? ಒಂದೇ ದಿನ ಇಬ್ರನ್ನೂ ಕಳ್ಕೊಂಡಿರ್ತಿದ್ದೆ ನಾನು.”

ಎಂದವಳೇ ತಂಗಿಯ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಬಳೆ ಚರ್ಮಕ್ಕೆ ಒತ್ತುತ್ತಿತ್ತು.