ಹಿಂದಿನ ಚಕ್ರದ ಬಿಗಿ

ಸೈಕಲ್ಲು ಯಾಕೋ ಭಾರವಾಗಿದೆ ಎಂದು ಅವಳು ಬಾಯಿಬಿಟ್ಟದ್ದೇ ತಪ್ಪಾಯಿತು. ಮನೆಯಲ್ಲಿ ಯಾರೂ ಸೈಕಲ್ಲಿನ ಕಡೆ ನೋಡಲಿಲ್ಲ. ಎಲ್ಲರೂ ಅವಳ ಸೊಂಟದ ಕಡೆ ನೋಡಿದರು.

ಎಲ್ಲರೂ ಎಂದರೆ ಇಬ್ಬರೇ, ಗಂಡ ಮತ್ತು ಅತ್ತೆ. ಗಂಡ ಪ್ಲಂಬರ್. ಐವತ್ತು ದಾಟಿದ ಮೇಲೆ ಪೈಪಿಗಾಗಲಿ ಹೆಂಗಸಿಗಾಗಲಿ ಮೊದಲಿನ ಒತ್ತಡ ಇರುವುದಿಲ್ಲ, ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು ಎಂದು ಸಮಾಧಾನ ಹೇಳಿದ. ಅತ್ತೆ ಸಮಾಧಾನದ ಗೋಜಿಗೇ ಹೋಗಲಿಲ್ಲ. ತಿನ್ನುವಾಗ ಹಗುರ, ತುಳಿಯುವಾಗ ಭಾರ ಅಂದರೆ ಹೇಗೆ ಎಂದು ಕೇಳಿ ಕಿಸಕ್ಕನೆ ನಕ್ಕರು. ಆ ನಗುವಿನ ಹಲ್ಲುಗಳನ್ನು ಮಾಡಿದವಳು ಸೊಸೆಯೇ. ಹಲ್ಲಿನ ಸೆಟ್ಟುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ತಾನೇ ಕೂಡಿಸಿ, ತಾನೇ ಉಜ್ಜಿ, ತಾನೇ ಹೊಳಪು ಕೊಟ್ಟ ಹಲ್ಲುಗಳ ನಡುವಿನಿಂದ ತನ್ನ ಮೇಲಿನ ಕೊಂಕು ಇಷ್ಟು ಸ್ಪಷ್ಟವಾಗಿ ಹೊರಬರುವುದನ್ನು ಕೇಳುವ ಭಾಗ್ಯ ಎಷ್ಟು ಸೊಸೆಯರಿಗುಂಟು?

ಗಂಡ ಅಲ್ಲಿಗೇ ನಿಲ್ಲಲಿಲ್ಲ. ಇನ್ನು ಮೇಲೆ ತನ್ನ ಸ್ಕೂಟರಿನ ಹಿಂದೆ ಕೂತರಾಯಿತು, ಲ್ಯಾಬಿನ ಬಾಗಿಲಲ್ಲಿ ಇಳಿಸಿ ಹೋಗುತ್ತೇನೆ ಎಂದ. ಸೈಕಲ್ಲನ್ನು ತನ್ನ ಗೆಳೆಯ ವೆಲ್ಡರನ ಮಗಳಿಗೆ ಕೊಡುವುದೆಂದೂ, ಆತ ಭಾನುವಾರ ಸಂಜೆ ಬಂದು ಒಯ್ಯುವುದೆಂದೂ ತಾನೇ ಮಾತು ಕೊಟ್ಟುಬಿಟ್ಟ.

ಅವಳು ಬೇಡ ಎನ್ನಲಿಲ್ಲ. ಎನ್ನಲು ಬಾಯಿ ಬರಲಿಲ್ಲ ಎನ್ನುವುದೇ ಸರಿ. ಅವಳ ತಾಯಿಯೂ ಇದೇ ವಯಸ್ಸಿನಲ್ಲಿ ಒಂದು ದಿನ ಮಹಡಿ ಹತ್ತುವುದು ಕಷ್ಟ ಎಂದಿದ್ದಳು. ಆಮೇಲೆ ಅಂಗಡಿ ದೂರವಾಯಿತು, ಆಮೇಲೆ ಗೇಟು ದೂರವಾಯಿತು, ಕೊನೆಗೆ ಕಿಟಕಿಯ ಪಕ್ಕದ ಕುರ್ಚಿಯೊಂದೇ ಹತ್ತಿರ ಉಳಿಯಿತು. ತನ್ನ ಸರದಿ ಬಂತೇ ಎಂಬ ಹೆದರಿಕೆ ಅವಳಿಗೆ. ಮನೆಯಿಂದ ಲ್ಯಾಬಿನ ತನಕದ ದಾರಿ ಮಾತ್ರ ಅವಳೊಬ್ಬಳದು. ಅಲ್ಲಿ ಯಾರೂ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುತ್ತಿರಲಿಲ್ಲ. ಅವಳು ಬೇಕಾದ್ದನ್ನು ನೆನೆದುಕೊಂಡು, ಬೇಕಾದವರನ್ನು ಮನಸ್ಸಿನಲ್ಲೇ ಬೈದುಕೊಂಡು, ಬೈದು ಮುಗಿಯದಿದ್ದರೆ ಒಂದು ಸುತ್ತು ಜಾಸ್ತಿ ಹೊಡೆದುಕೊಂಡು ಹೋಗುತ್ತಿದ್ದಳು. ಸ್ಕೂಟರಿನ ಹಿಂದೆ ಕೂತರೆ ದಾರಿಯುದ್ದಕ್ಕೂ ಗಂಡನ ಬೆನ್ನು, ಗಂಡನ ಮಾತು, ಅದರಲ್ಲೂ ಊರವರ ಕಟ್ಟಿಕೊಂಡ ಪೈಪುಗಳ ಮಾತು.

ಶನಿವಾರ ಲ್ಯಾಬಿನಿಂದ ಬರುವಾಗ ರೈಲ್ವೆ ಸೇತುವೆಯ ಇಳಿಜಾರಿನಲ್ಲಿ ಅವಳು ತುಳಿಯುವುದನ್ನು ಬಿಟ್ಟು ಸುಮ್ಮನೆ ಕೂತಳು. ಸೈಕಲ್ಲು ಸ್ವಲ್ಪ ದೂರ ಹೋಗಿ ನಿಧಾನವಾಯಿತು. ಇಳಿಜಾರು ಮುಗಿಯುವ ಮುಂಚೆಯೇ ಮುನಿಸಿಕೊಂಡ ಮಗುವಿನಂತೆ ನಿಂತೇಬಿಟ್ಟಿತು. ಹಿಂದಿನಿಂದ ಸೈಕಲ್ಲಿನಲ್ಲಿ ಬಂದ ಮುದುಕನೊಬ್ಬ ಪೆಡಲ್ಲನ್ನೇ ತುಳಿಯದೆ ಜುಮ್ಮನೆ ಇಳಿದುಹೋದ.

ಅವಳು ಕಾಲೂರಿ ನಿಂತು ಯೋಚಿಸಿದಳು. ಏರಿನಲ್ಲಿ ಮಂಡಿಯ ಮೇಲೆ, ಉಸಿರಿನ ಮೇಲೆ ತಪ್ಪು ಹೊರಿಸಬಹುದು. ಇಳಿಯುವಾಗ ಮಂಡಿಗೇನು ಕೆಲಸ? ಈ ಸೊಂಟಕ್ಕೆ ಭಾರವಿರುವುದು ನಿಜವಾದರೆ ಇಳಿಜಾರಿನಲ್ಲಾದರೂ ಅದು ಉಪಕಾರಕ್ಕೆ ಬರಬೇಕಿತ್ತು, ಎಲ್ಲರಿಗಿಂತ ಮುಂದೆ ಉರುಳಿಸಬೇಕಿತ್ತು. ಜನ್ಮದಲ್ಲಿ ಮೊದಲ ಸಲ ಅವಳು ತನ್ನ ತೂಕದ ಪರವಾಗಿ ವಾದಿಸಿ ಗೆದ್ದಳು.

ಭಾನುವಾರ ಮಧ್ಯಾಹ್ನ ಗಂಡ ಯಾರದೋ ಮನೆಯ ನಲ್ಲಿ ನೋಡಲು ಹೋಗಿದ್ದ. ಅವಳು ಸೈಕಲ್ಲನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಲೆಕೆಳಗಾಗಿ ನಿಲ್ಲಿಸಿದಳು. ಅತ್ತೆ ಮೋಟು ಕುರ್ಚಿ ಎಳೆದುಕೊಂಡು ಹತ್ತಿರವೇ ಕೂತರು. ತಮಾಷೆ ನೋಡಲು ಅವರು ಎಂದೂ ತಡ ಮಾಡಿದವರಲ್ಲ.

ಮುಂದಿನ ಚಕ್ರವನ್ನು ತಿರುಗಿಸಿದಳು. ಅದು ಹೊರಗಿನವರ ಮಾತಿನ ಹಾಗೆ ನಿಲ್ಲುವ ಲಕ್ಷಣವೇ ಇಲ್ಲದೆ ತಿರುಗುತ್ತ ಹೋಯಿತು. ಹಿಂದಿನದನ್ನು ಅಷ್ಟೇ ಜೋರಾಗಿ ತಿರುಗಿಸಿದಳು. ಅದು ಹೆಸರಿಗೆ ಸುತ್ತಿ ನಿಂತಿತು. ಬ್ರೇಕಿನ ರಬ್ಬರು ತಾಗುತ್ತಿರಬಹುದೆಂದು ತಂತಿ ಸಡಿಲಿಸಿ ಎರಡನ್ನೂ ದೂರ ಸರಿಸಿದಳು. ಫಲವಿಲ್ಲ. ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿದೆಯೇನೋ ಎಂದು ಒಂದು ಕಾಗದದ ಚೂರನ್ನು ನಡುವೆ ತೂರಿಸಿ ಸುತ್ತ ಎಳೆದಳು. ಎಲ್ಲೂ ಸಿಕ್ಕಲಿಲ್ಲ. ಚೈನು ಕಳಚಿದಳು. ಕೈಯೆಲ್ಲ ಕಪ್ಪಾಯಿತೇ ಹೊರತು ಚಕ್ರ ಹಾಗೇ ಇತ್ತು. ಚಕ್ರಕ್ಕೂ ವಯಸ್ಸಾಗಿರಬೇಕು ಎಂದು ಅತ್ತೆ ಷರಾ ಬರೆದರು.

ಕೊನೆಗೆ ಚಕ್ರವನ್ನೇ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಎರಡು ಬೆರಳಿನಲ್ಲಿ ನಟ್ಟನಡುವಿನ ಕಂಬಿ, ಆಕ್ಸಲ್ಲನ್ನು ಹಿಡಿದು ತಿರುಗಿಸಿದಳು. ತಿರುಗಲು ಒಪ್ಪಲಿಲ್ಲ. ಬಲ ಹಾಕಿದರೆ ಮರಳು ಅರೆದ ಹಾಗೆ ಕಿರುಗುಟ್ಟಿತು. ಬೆರಳಿಗೆ ಅದು ಗುರುತಿನ ಸಂಗತಿ. ಹಲ್ಲಿನ ಸೆಟ್ಟು ಒಂದು ಕೂದಲೆಳೆ ಬಿಗಿಯಾದರೂ ಒಸಡು ಹುಣ್ಣಾಗುತ್ತದೆ, ಸಡಿಲವಾದರೆ ಮಾತಿನ ನಡುವೆ ಜಾರುತ್ತದೆ. ಇಲ್ಲಿ ಆಕ್ಸಲ್ಲಿನ ಸುತ್ತಲಿನ ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ಕೋನನ್ನು ಯಾರೋ ದ್ವೇಷ ಸಾಧಿಸುವಂತೆ ತಿರುಪಿದ್ದರು. ನಟ್ಟಿನ ಮೂಲೆಗಳಲ್ಲಿ ಸ್ಪ್ಯಾನರಿನ ಹೊಸ ಗಾಯಗಳಿದ್ದವು.

"ಇದನ್ನ ಯಾರು ಮುಟ್ಟಿದ್ದು ಅತ್ತೆ?"

"ಇನ್ಯಾರು, ನನ್ನ ಮಗ. ಚಕ್ರ ಅಲ್ಲಾಡ್ತಿದೆ ಅಂದಿದ್ದೆಯಲ್ಲ. ನೀನು ತಲೆಸ್ನಾನಕ್ಕೆ ಹೋಗಿದ್ದಾಗ ದೊಡ್ಡ ಸ್ಪ್ಯಾನರ್ ತಂದು ಅದರ ಮೇಲೇ ನಿಂತು ತಿರುಗಿಸಿದ."

"ಮತ್ತೆ ಇಷ್ಟು ದಿನ ನನ್ನ ಸೊಂಟ ಅಂತಿದ್ರಲ್ಲ."

"ಸೊಂಟವೂ ಇದೆಯಲ್ಲ," ಎಂದರು ಅತ್ತೆ ಶಾಂತವಾಗಿ.

ಅವಳಿಗೆ ಸಿಟ್ಟಿಗಿಂತ ಮೊದಲು ಬಂದದ್ದು ಅಳು. ಅದನ್ನು ಕಪ್ಪು ಕೈಯಿಂದ ಒರೆಸಿಕೊಂಡದ್ದರಿಂದ ಮೀಸೆಯೊಂದು ಬಂತು. ತಾಯಿಯ ಆ ಕುರ್ಚಿಯೂ ಕಿಟಕಿಯೂ ಇನ್ನೂ ದೂರದಲ್ಲಿವೆ ಎಂದು ಒಳಗೊಳಗೇ ಹೇಳಿಕೊಂಡಳು. ಆಮೇಲೆ ನಟ್ಟು ಬಿಚ್ಚಿದಳು.

ಗಂಡ ಬಂದಾಗ ಗುಂಡುಗಳು ತಟ್ಟೆಯಲ್ಲಿ ಸೀಮೆಎಣ್ಣೆ ಕುಡಿಯುತ್ತಿದ್ದವು. ಹೆಂಡತಿಗೆ ಮೀಸೆ, ಅಮ್ಮನ ಮುಖದಲ್ಲಿ ನಗು. ಅವನಿಗೆ ವಿಷಯ ಅರ್ಥವಾಗಲು ತಡವಾಗಲಿಲ್ಲ. ಒಳ್ಳೆಯದು ಮಾಡಲು ಹೋಗಿದ್ದೆ ಎಂದ. ತನ್ನ ಕಸುಬಿನಲ್ಲಿ ಬಿಗಿ ಮಾಡಿ ಕೆಟ್ಟವರಿಲ್ಲ, ಸಡಿಲ ಬಿಟ್ಟರೆ ಸೋರುತ್ತದೆ ಎಂದ. ಆ ಮನೆಯಲ್ಲಿ ಅವನು ಮುಚ್ಚಿದ ಡಬ್ಬಿಯನ್ನು ತೆಗೆಯಲು ಅವನನ್ನೇ ಕರೆಯಬೇಕಿತ್ತು.

"ಚಕ್ರದಿಂದ ಏನು ಸೋರುತ್ತೆ, ಹೇಳಿ," ಎಂದಳು ಅವಳು. "ತಿರುಗೋದಕ್ಕೆ ಒಂಚೂರು ಜಾಗ ಬೇಡವಾ ಅದಕ್ಕೆ?"

ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಅವಳು ಹೊಸ ಗ್ರೀಸು ತುಂಬಿ, ಗುಂಡುಗಳನ್ನು ಸಾಲಾಗಿ ಕೂರಿಸಿ, ಕೋನನ್ನು ಬೆರಳಿನಲ್ಲೇ ತಿರುಗಿಸಿ ಮುಟ್ಟಿಸಿದಳು. ಅಷ್ಟಕ್ಕೇ ಬಿಡದೆ ಚೂರು ಹಿಂದಕ್ಕೆ ತಂದಳು. ಮೇಲಿನ ನಟ್ಟು ಬಿಗಿಯುವಾಗ ಅದು ತಾನಾಗಿ ಒಳಗೆ ಸರಿಯುತ್ತದೆ, ಆ ಸರಿಯುವ ಜಾಗವನ್ನು ಮೊದಲೇ ಬಿಟ್ಟಿರಬೇಕು. ಗಂಡನ ಕೈ ತಾನಾಗಿ ಸ್ಪ್ಯಾನರಿನ ಕಡೆ ಹೋಯಿತು. ಅವಳು ಅದನ್ನು ಎತ್ತಿ ತನ್ನ ಇನ್ನೊಂದು ಬದಿಗೆ ಇಟ್ಟುಕೊಂಡಳು.

"ಒಟ್ಟಿಗೆ ಹೋದರೆ ಮಾತಾಡ್ಕೊಂಡು ಹೋಗಬಹುದು ಅನ್ಕೊಂಡಿದ್ದೆ," ಎಂದ ಅವನು ನೆಲ ನೋಡುತ್ತ. "ಮನೇಲಿ ನೀನು ಮಾತೇ ಆಡಲ್ಲ."

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಮಾತನ್ನೆಲ್ಲ ದಾರಿಯಲ್ಲೇ, ಒಬ್ಬಳೇ ಆಡಿ ಮುಗಿಸಿ ಬರುತ್ತಿದ್ದೆನೇ?

"ಮನೇಲೇ ಆಡೋಣ," ಎಂದಳು. "ಪೈಪಿನದು ಬೇಡ."

ಚಕ್ರ ಕೂರಿಸಿ ತಿರುಗಿಸಿದಾಗ ಅದು ಸದ್ದಿಲ್ಲದೆ ತಿರುಗಿತು. ನಿಲ್ಲುವುದನ್ನು ಕಾದು ಅತ್ತೆಗೆ ಆಕಳಿಕೆ ಬಂತು. ಅಷ್ಟರಲ್ಲಿ ವೆಲ್ಡರ್ ಗೇಟಿನ ಹತ್ತಿರ ನಿಂತು ಕೂಗಿದ. ಗಂಡ ಎದ್ದು ಹೋದ. ಕೊಟ್ಟ ಮಾತು ತಪ್ಪುವ ಸಂಕಟದಲ್ಲಿ, ಸೈಕಲ್ಲಿನ ಹಿಂದಿನ ಚಕ್ರ ಕೆಟ್ಟಿದೆ, ಮಗಳಿಗೆ ಒಳ್ಳೆಯದಲ್ಲ ಎಂದು ಶುರುಮಾಡಿದ.

ಅವಳು ಸೈಕಲ್ಲು ತಳ್ಳಿಕೊಂಡು ಅವರಿಬ್ಬರ ನಡುವೆ ಬಂದಳು.

"ಏನೂ ಕೆಟ್ಟಿಲ್ಲ ಅಣ್ಣ, ಚೆನ್ನಾಗಿದೆ. ನಾನು ಕೊಡಲ್ಲ, ಅಷ್ಟೆ."

ವೆಲ್ಡರ್ ಅವಳ ಮೀಸೆಯನ್ನು ನೋಡಿ ಗೇಟಿನಿಂದ ಪಕ್ಕಕ್ಕೆ ಸರಿದ. ಅವಳು ಹತ್ತಿ ಹೊರಟಳು. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. ಸೈಕಲ್ಲು ಹಗುರವಾಗಿ ಓಡಿತು. ಬೀದಿಯ ಕೊನೆಯ ಸಣ್ಣ ಏರಿನಲ್ಲಿ ಏದುಸಿರು ಬಂತು, ಮಂಡಿ ಚುರುಕ್ಕೆಂದಿತು. ಇಷ್ಟು ಮಾತ್ರ ತನ್ನದು ಎಂದು ಅವಳು ಒಪ್ಪಿಕೊಂಡು, ತುಳಿಯುತ್ತ ಹೋದಳು.