ಹದಿಮೂರನೇ ಮನೆ

ಮಗಳು ಟಿಲ್ಲಿಯ ಬಿಳಿ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಅರ್ಧ ದಾರಿ ಹೋಗಿತ್ತು, ಅಷ್ಟರಲ್ಲಿ ಯಾರೋ ಹಿತ್ತಲ ಬಾಗಿಲು ಬಡಿದರು. ಗೇನರ್ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಹೋಗಿ ತೆಗೆದರೆ, ನಾರಿಸ್. ತೀರಿಕೊಂಡ ಅವಳ ಅಪ್ಪ ಲೆನ್ ಜೊತೆ ಐವತ್ತು ವರ್ಷ ಡ್ರಮ್ ಬಾರಿಸಿದ ಮುದುಕ. ಕಡಲ ಗಾಳಿಗೆ ಮೂಗು ಕೆಂಪಗಾಗಿತ್ತು, ಕಪ್ಪು ಟೈ ಕಿವಿಯ ಕಡೆಗೆ ಹೊರಳಿತ್ತು.

"ನೋಡು ಮಗಳೇ, ಇದು ಕತ್ತರಿ ಆಡಿಸೋ ಮೊದಲಿಂದು," ಎಂದು ಒಂದು ಸಿ.ಡಿ.ಯನ್ನು ಮೇಜಿನ ಮೇಲಿಟ್ಟ. "ಸ್ಟುಡಿಯೋದವರ ಹತ್ರ ಕಾಡಿ ಬೇಡಿ ತಂದೆ. ಲೆನ್‌ನ ಕಳಿಸೋವಾಗ ಇದನ್ನ ಹಾಕಿಸು."

ಅದರಲ್ಲಿರುವುದು ಅಪ್ಪನ ಹಾಡಿನ ತಿದ್ದದ ರೂಪವೆಂದು ಗೇನರಳಿಗೆ ಗೊತ್ತಿತ್ತು. ಬ್ಲೂಸ್ ಹಾಡಿಗೆ ಸುತ್ತೊಂದಕ್ಕೆ ತಾಳದ ಹನ್ನೆರಡು ಮನೆ, ಮನೆಯೊಂದಕ್ಕೆ ನಾಲ್ಕು ತಟ್ಟು. ಹನ್ನೆರಡು ಮುಗಿದ ಕೂಡಲೇ ಮೊದಲನೆಯದಕ್ಕೆ ಮರಳಬೇಕು. ಜಗತ್ತೆಲ್ಲ ಹಾಗೆಯೇ ಮರಳುತ್ತದೆ. ಗಿಟಾರು ನುಡಿಸುವ ಲೆನ್ ಹಾರ್ಕರ್ ಮಾತ್ರ ಇಲ್ಲದ ಹದಿಮೂರನೆಯ ಮನೆಯೊಂದನ್ನು ಕಟ್ಟಿಕೊಂಡು, ಅಲ್ಲಿ ಒಂದು ಗಳಿಗೆ ಕೂತು ಬರುತ್ತಿದ್ದ. ಜೊತೆಗಾರರು ಅವನ ಎಡ ಭುಜವನ್ನೇ ನೋಡುತ್ತಿರಬೇಕಿತ್ತು; ಭುಜ ಇಳಿದರೆ ಹೊಸ ಸುತ್ತು. ಗೊತ್ತಿಲ್ಲದವರು ಮುಗ್ಗರಿಸುತ್ತಿದ್ದರು. ಅವನು ಲೆಕ್ಕ ಕಲಿತದ್ದು ಬೇಕರಿಯಲ್ಲಿ, ಡಜನ್ನಿಗೆ ಒಂದು ಕೊಸರು ಸೇರಿಸಿಯೇ ಕೊಡುತ್ತಾನೆ ಎಂದು ನಾರಿಸ್ ಅಣಕಿಸುತ್ತಿದ್ದ. ಲೆನ್ ಕೊಡುತ್ತಿದ್ದ ಉತ್ತರ ಒಂದೇ: "ತಂತಿ ಇನ್ನೂ ಮಾತಾಡ್ತಿರೋವಾಗ ಮಧ್ಯೆ ಬಾಯಿ ಹಾಕೋದು ಮರ್ಯಾದೆ ಅಲ್ಲ."

ಹಾಗೆಂದು ಸಮಯದ ಪರಿವೆ ಇಲ್ಲದ ಮನುಷ್ಯನೇನಲ್ಲ. ಮೂವತ್ತನಾಲ್ಕು ವರ್ಷ ಫ್ಲೀಟ್‌ವುಡ್ಡಿನ ಕಡಲಂಚಿನಲ್ಲಿ ಟ್ರಾಮ್ ಓಡಿಸಿದ್ದ. ಒಂದು ನಿಮಿಷ ತಡ ಮಾಡಿದವನಲ್ಲ.

ಸುಡುಗಾಡಿನ ಪ್ರಾರ್ಥನಾ ಮಂದಿರದವರಿಗೆ ಹಾಡಿನ ಹೆಸರು ಕೊಟ್ಟಾಗಿದೆ, ಸಿಗುವುದು ಅರ್ಧ ಗಂಟೆ, ಲಂಡನ್ನಿನಿಂದ ರೆಕಾರ್ಡು ಕಂಪನಿಯವರೂ ಬರುತ್ತಿದ್ದಾರೆ ಎಂದು ಗೇನರ್ ಒಂದರ ಹಿಂದೊಂದು ಕಾರಣ ಪೋಣಿಸಿದಳು. ಹಾಡನ್ನು ತಿದ್ದಿದ ಟೋಬಿಯೂ ಬಂದು ನಾಲ್ಕು ಮಾತಾಡುತ್ತಾನೆ ಎಂದೂ ಸೇರಿಸಿದಳು.

"ಆ ಪುಣ್ಯಾತ್ಮ ಲೆನ್‌ನ ಒಂದು ಮಾತು ಕೇಳದೆ ಕತ್ತರಿಸಿದ," ಎಂದ ನಾರಿಸ್. "ಸತ್ತಾಗಲಾದರೂ ಪೂರ್ತಿಯಾಗಿ ಹೋಗಲಿ ಅವನು."

ಗೇನರ್ ಸಿ.ಡಿ.ಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ಏಳು ವರ್ಷದ ಟಿಲ್ಲಿ ಒಳಲಂಗದಲ್ಲೇ ಬಂದು ಅವಳ ಅಂಗಿಯ ಅಂಚನ್ನು ಜಗ್ಗಿದಳು.

"ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಚಿನ್ನಾ. ಮೊದಲು ಕಾಲುಚೀಲ ಹಾಕ್ಕೋ."

*

ಹೋದ ವರ್ಷ ಮಾರ್ಚಿನಲ್ಲಿ ಟೋಬಿ ಫೋನ್ ಮಾಡಿದಾಗ ಗೇನರ್ ಆಲೂಗಡ್ಡೆ ಸುಲಿಯುತ್ತಿದ್ದಳು. ಒಳ್ಳೆಯ ಹುಡುಗ, ಮಾತು ಮೆತ್ತಗೆ. ಹಾಡು ಅದ್ಭುತವಾಗಿದೆ, ಆದರೆ ಸುತ್ತಿಗೊಂದು ಮನೆ ಹೆಚ್ಚಿರುವುದು ಕೇಳುವವರಿಗೆ ಕುಂಟಿದಂತೆ ಅನ್ನಿಸುತ್ತದೆ, ರೇಡಿಯೋದವರು ತೆಗೆದುಕೊಳ್ಳುವುದಿಲ್ಲ, ಗೊತ್ತಾಗದಂತೆ ತೆಗೆದುಬಿಡಬಹುದು ಎಂದ. ನಿಮ್ಮಪ್ಪನನ್ನು ಕೇಳಿದರೆ ಬೇಡ ಅನ್ನುತ್ತಾರೆ, ನೀವು ಹೇಳಿ ಎಂದ.

ಗೇನರ್ ಚಾಕು ಕೆಳಗಿಟ್ಟಳು. ಅಪ್ಪನ ಮೊದಲ ರೆಕಾರ್ಡು ಬಂದಾಗ ಅವಳು ಹುಟ್ಟಿರಲಿಲ್ಲ. ಅದನ್ನು ಯಾರೂ ಕೊಳ್ಳದೆ ಗಿಟಾರು ಬೀರುವಿನ ಮೇಲೇರಿತು, ಕ್ಲಬ್ಬಿನ ಶನಿವಾರಗಳಿಗೆ ಮಾತ್ರ ಕೆಳಗಿಳಿಯುತ್ತಿತ್ತು. ಅವನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕಂಪನಿಯವರು ಹೊಸ ರೆಕಾರ್ಡಿಗಾಗಿ ಹುಡುಕಿಕೊಂಡು ಬಂದಿದ್ದರು. ಬೆಳಿಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಬೆರಳು ಅದ್ದಿ ಅದ್ದಿ, ಮಡಚಿ ಬಿಡಿಸಿ, ಹುಡುಗನ ಹಾಗೆ ಅಭ್ಯಾಸಕ್ಕೆ ಕೂರುತ್ತಿದ್ದ ಅಪ್ಪ ಕಣ್ಣಮುಂದೆ ಬಂದ. ಇದೂ ಮಣ್ಣುಪಾಲಾದರೆ?

"ತೆಗೀರಿ," ಎಂದಳು. ಅಪ್ಪನಿಗೆ ಹೇಳಲಿಲ್ಲ.

ರೆಕಾರ್ಡು ಬಂದ ದಿನ ಮೂವರೂ ಕೂತು ಕೇಳಿದರು. ಟಿಲ್ಲಿ ಅಜ್ಜನ ತೊಡೆಯ ಮೇಲೆ. ಅಜ್ಜ ಅವಳಿಗೆ ಎಣಿಕೆ ಕಲಿಸಿದ್ದೇ ಹೀಗೆ: ಹತ್ತು ಬೆರಳು, ಎರಡು ಮೊಣಕಾಲು, ಕೊನೆಗೆ ಅಜ್ಜನ ಮೂಗು. ಮಗು ಮೂಗಿಗೆ ಕೈ ಹಾಕುವ ಹೊತ್ತಿಗೆ ಹಾಡು ಆಗಲೇ ಹೊಸ ಸುತ್ತು ಹಿಡಿದಿತ್ತು. ಅವಳು ತಬ್ಬಿಬ್ಬಾಗಿ ಬಾಯಿ ತೆರೆದಳು. ಲೆನ್ ಆ ಬಾಯಿಗೆ ಒಂದು ಪೆಪ್ಪರಮೆಂಟು ಹಾಕಿ ಮುಚ್ಚಿಸಿದ. ಹಾಡು ಮುಗಿದ ಮೇಲೆ ಕಿಟಕಿಯ ಕಡೆ ನೋಡುತ್ತ, "ಚೆನ್ನಾಗಿ ಹೊಳಪು ಕೊಟ್ಟಿದ್ದಾರೆ ಕಣಮ್ಮಾ," ಎಂದ.

ಅವನಿಗೆ ಎಷ್ಟು ಗೊತ್ತಿತ್ತೋ ಗೇನರ್ ಕೇಳಲಿಲ್ಲ. ಪತ್ರಿಕೆಯೊಂದು 'ಗಡಿಯಾರದಷ್ಟು ಕರಾರುವಾಕ್ಕಾದ ಕೈ' ಎಂದು ಹೊಗಳಿದಾಗ ನಾರಿಸ್ ನಕ್ಕು ನಕ್ಕು ಕೆಮ್ಮಿದ. ಲೆನ್ ಆ ತುಣುಕನ್ನು ಟ್ರಾಮ್ ಡಿಪೋದ ಗೋಡೆಗೆ ಅಂಟಿಸಿ ಬಂದ. ಎಂಟು ತಿಂಗಳು ಅವನು ಹಬ್ಬದಂತೆ ಬದುಕಿದ. ಮ್ಯಾಂಚೆಸ್ಟರಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾಡಿನ ನಡುವೆ ತಾಳ ಹಾಕಲು ಹೋಗಿ ಎಲ್ಲರೂ ಒಟ್ಟಿಗೆ ತಪ್ಪಿದರು. ವೇದಿಕೆಯ ಮೇಲೆ ಅವನ ಹದಿಮೂರನೇ ಮನೆಯನ್ನು ಕೆಡವುವವರು ಯಾರೂ ಇರಲಿಲ್ಲ. ಆ ರಾತ್ರಿ ಮನೆಗೆ ಬಂದು ಮೀನು, ಹುರಿದ ಆಲೂಗಡ್ಡೆ ತಿನ್ನುತ್ತ, ಸಾವಿರ ಜನರನ್ನು ಒಂದೇ ಸಲ ಎಡವಿಸಿದೆ ಎಂದು ಹೇಳಿಕೊಂಡು ನಕ್ಕಿದ್ದ.

*

ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಕೆಲಸದವನು, ಪಟ್ಟಿಯಲ್ಲಿರುವ ಹಾಡೇ ತಾನೇ ಎಂದು ಕೇಳಿದ. ಗೇನರಳ ಕೈ ಚೀಲದ ಬಾಯಿಯವರೆಗೆ ಹೋಯಿತು. ಟ್ರಾಮ್ ಚಾಲಕರು ಸಮವಸ್ತ್ರದಲ್ಲಿ ಸಾಲಾಗಿ ಒಳಗೆ ಹೋಗುತ್ತಿದ್ದರು. ಅವರ ಹಿಂದೆ ಕಂಪನಿಯವರು. ಹಾಡು ತಿದ್ದದ ರೂಪದಲ್ಲಿ ಬಂದರೆ ಯಾಕೆಂದು ಕೇಳುತ್ತಾರೆ. ಕೇಳಿದರೆ ಹೇಳಬೇಕಾಗುತ್ತದೆ. "ಹೂಂ, ಅದೇ," ಎಂದಳು.

ನಾರಿಸ್ ಅವಳನ್ನು ನೋಡಿ ಟಿಲ್ಲಿಯ ಆಚೆ ಬದಿಗೆ ಕೂತ.

ಟೋಬಿ ಎದ್ದು ನಿಂತು ಮಾತಾಡಿದ. ಬೆಳಗ್ಗಿನ ಪಾಳಿಯಂತೆ ಹತ್ತು ನಿಮಿಷ ಮೊದಲೇ ಸ್ಟುಡಿಯೋಗೆ ಬಂದು ಚಹಾ ಮಾಡಿಡುತ್ತಿದ್ದ ಲೆನ್‌ನ ಕತೆ ಹೇಳಿ ಚಾಲಕರನ್ನು ನಗಿಸಿದ. ಹಾಡು ಶುರುವಾಯಿತು.

ನಾರಿಸ್ ಮಂಡಿಯ ಮೇಲೆ ಬೆರಳಿನಿಂದ ತಟ್ಟುತ್ತಿದ್ದ. ಮೊದಲ ಸುತ್ತಿನ ಕೊನೆಗೆ ಅವನ ಬೆರಳು ಒಂದು ಮನೆ ಹಿಂದೆ ಉಳಿಯಿತು. ಮತ್ತೆ ಹಿಡಿಯಲು ಹೋಗಲಿಲ್ಲ. ಮುಷ್ಟಿ ಕಟ್ಟಿಕೊಂಡು ಶವಪೆಟ್ಟಿಗೆಯತ್ತ ನೋಡುತ್ತ ಕೂತ. ಗೇನರ್ ನೆಲ ನೋಡುತ್ತ ಸುತ್ತು ಸುತ್ತಿಗೂ ಕಾದಳು, ಬರುವುದಿಲ್ಲವೆಂದು ಗೊತ್ತಿದ್ದರೂ. ಗಿಟಾರು ಪ್ರತಿ ಸಲವೂ ಆತುರವಾಗಿ, ಟ್ರಾಮ್ ತಪ್ಪಿಹೋಗುತ್ತದೆ ಎನ್ನುವ ಹಾಗೆ, ಮೊದಲ ಮನೆಗೆ ಓಡಿಬಂತು.

ಶವಪೆಟ್ಟಿಗೆಯ ಮುಂದೆ ಪರದೆ ಮುಚ್ಚಿಕೊಂಡಿತು. ಹಾಡು ನಿಂತಿತು. ಮುಂದಿನ ಸಾಲಿನಲ್ಲಿ ಟೋಬಿ ಕಣ್ಣೊರೆಸಿಕೊಳ್ಳುತ್ತಿದ್ದ. ಯಾರೂ ಏಳಲಿಲ್ಲ, ಕೆಮ್ಮಲಿಲ್ಲ. ಆ ನಿಶ್ಶಬ್ದದಲ್ಲಿ ಟಿಲ್ಲಿ ಅಮ್ಮನ ಕಡೆ ತಿರುಗಿ, ಪಿಸುಗುಟ್ಟದೆ, ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಕೇಳಿದಳು:

"ಅಮ್ಮಾ, ಅಜ್ಜನ ಹದಿಮೂರನೇ ಮನೇನ ತೆಗೀರಿ ಅಂತ ಹೇಳಿದ್ದು ಯಾರು?"