ಲಿಂಬೆ ಹೂ ಉದುರುವ ಪುಟ

"ಮತ್ತ ಬಂದಾವ ನೋಡು," ಎಂದರು ಸಂಕರ್ಷಣ ಮಾಸ್ತರರು, ಕನ್ನಡಕವನ್ನು ಹಣೆಗೇರಿಸಿ. "ಮೊನ್ನೆ ಅಳಿಸಿದೆ, ನಿನ್ನೆ ಅಳಿಸಿದೆ. ರಕ್ತಬೀಜಾಸುರನ ಸಂತಾನ ಇದು!"

ಶೈಲಶ್ರೀ ಅವರ ಕುರ್ಚಿಯ ಹಿಂದೆ ಕಸಬರಿಗೆ ಹಿಡಿದು ನಿಂತಿದ್ದಳು. ಇಂಡಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಕಂಪ್ಯೂಟರ್ ಅಂಗಡಿಗೆ ಅವಳು ಬಂದು ಮೂರು ವರ್ಷವಾಗಿತ್ತು. ಒಂಬತ್ತನೆಯ ಇಯತ್ತೆಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಒಂದು ದಿನ ಶಾಲೆಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಅಷ್ಟೇ. ಇಲ್ಲಿ ಮಾತಿನ ಗೊಡವೆ ಇರಲಿಲ್ಲ. ಜನ ಕಾಗದ ತಂದು ಕೊಡುತ್ತಿದ್ದರು, ಅವಳು ಟೈಪು ಮಾಡುತ್ತಿದ್ದಳು. ಉಳಿದ ಹೊತ್ತಿನಲ್ಲಿ ಮಾಸ್ತರರ ಬೆರಳುಗಳನ್ನು ನೋಡುತ್ತ ನೋಡುತ್ತ ಇಂಟರ್‌ನೆಟ್ಟಿನ ಪುಟ ಕಟ್ಟುವುದನ್ನೂ ಕಲಿತಿದ್ದಳು.

ತೆರೆಯ ಮೇಲಿದ್ದುದು ಹೊರ್ತಿಯ ರಾಮವ್ವನ ಲಿಂಬೆ ಸಸಿಗಳ ಪುಟ. ತನ್ನ ಸಸಿಗಳ ಸಾಲುಗಳ ನಡುವೆ ರಾಮವ್ವ ನಿಂತಿರುವ ಚಿತ್ರ, ಕೆಳಗೆ ಫೋನ್ ನಂಬರು. ಮೇಲಿನಿಂದ ಬಿಳಿ ಎಸಳುಗಳು ಒಂದೊಂದಾಗಿ, ಗಾಳಿಗೆ ತೂಗಿದಂತೆ ಓಲಾಡುತ್ತ ಇಳಿದು ಚಿತ್ರದ ಬುಡದಲ್ಲಿ ಗುಪ್ಪೆಯಾಗುತ್ತಿದ್ದವು. ದೀಪಾವಳಿಯ ಹೊತ್ತಿಗೆ ಆ ಹೂಗಳನ್ನು ಎಲ್ಲಿಂದಲೋ ಹುಡುಕಿ ತಂದು ಹಾಕಿದವಳು ಶೈಲಶ್ರೀಯೇ. "ಭಾರಿ ಮಾಡೀದಿ" ಎಂದು ಮಾಸ್ತರರು ಹೊಗಳಿದ್ದರು. ಎಲ್ಲಿಂದ ತಂದೆ ಎಂದು ಕೇಳಿರಲಿಲ್ಲ. ಸಸಿ ನೋಡಲು ಪುಟ ತೆರೆದವರು ಹೂ ಬೀಳುವುದನ್ನೇ ನೋಡುತ್ತ ಕೂಡುತ್ತಾರೆಂದು ರಾಮವ್ವನೂ ಹೇಳಿದ್ದಳು.

"ಇಲ್ಲಿ ನೋಡು," ಮಾಸ್ತರರು ಪುಟದ ಹಿಂದಿನ ಬರಹವನ್ನು ತೋರಿಸಿದರು. ಜೂಜಿನ ಮಾತುಗಳು, ಯಾವ ದೇಶದ್ದೋ ಅಕ್ಷರಗಳು, ನೂರಾರು ಸಾಲು. "ಇವನ್ನ ತೆರಿಯಿಂದ ಒಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು ಚುಕ್ಕಿ ಎಡಕ್ಕ ಒಯ್ದು ಇಟ್ಟಾರ. ಮಂದಿಗೆ ಕಾಣೂದಿಲ್ಲ. ಗೂಗಲ್‌ಗೆ ಮಾತ್ರ ಕಾಣ್ತಾವ."

ಅಷ್ಟು ಎಡಕ್ಕೆ ಎಂದರೆ ಎಲ್ಲಿ? ಶೈಲಶ್ರೀಯ ಮನಸ್ಸು ಗೋಡೆಯನ್ನು ದಾಟಿತು. ಹಿಟ್ಟಿನ ಗಿರಣಿ, ಅದರಾಚೆಯ ಬೇವಿನ ಮರ, ತೊಗರಿ ಹೊಲಗಳು, ಬಿಸಿಲಿಗೆ ನೀರಿನಂತೆ ನಡುಗುವ ದಾರಿ. ಅಲ್ಲೆಲ್ಲೋ ಒಂದು ಬಯಲಿನಲ್ಲಿ ಆ ಅಕ್ಷರಗಳು ಕುರಿ ಹಿಂಡಿನಂತೆ ಮಲಗಿರಬೇಕು. ಬೆಳಗಾಗುವ ಮುಂಚೆ ಎದ್ದು, ಸದ್ದಿಲ್ಲದೆ ನಡೆದು, ಮತ್ತೆ ಇಲ್ಲಿಗೇ ಬರುತ್ತವೆ.

ಯಾವ ಬಾಗಿಲಿನಿಂದ ಬರುತ್ತವೆ ಎಂಬುದು ಅವಳಿಗೆ ನಿನ್ನೆಯೇ ತಿಳಿದಿತ್ತು. ಕಡತಗಳ ಪಟ್ಟಿಯಲ್ಲಿ ಯಾರೂ ಮುಟ್ಟದ ಹೂವಿನ ಕಡತಕ್ಕೆ ದಿನವೂ ಹೊಸ ತಾರೀಖು ಬೀಳುತ್ತಿತ್ತು. ಮಾಸ್ತರರು ಅದನ್ನು ನೋಡಿರಲಿಲ್ಲ. ಅವಳು ನೋಡಿದ್ದಳು, ಮತ್ತು ಬಾಯಿ ಬಿಟ್ಟಿರಲಿಲ್ಲ.

ಹನ್ನೆರಡರ ಬಸ್ಸಿಗೆ ರಾಮವ್ವ ಬಂದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಶುರು ಮಾಡಿದಳು.

"ಮಾಸ್ತರ, ಇದೇನ ಹಚ್ಚೀರಿ ನನಗ? ಮುದ್ದೇಬಿಹಾಳದಿಂದ ಒಬ್ಬಾಂವ ಫೋನ ಮಾಡಿ, 'ಆಯಿ, ಇವತ್ತ ಯಾವ ನಂಬರಿಗೆ ಆಡಲಿ' ಅಂತಾನ! ಸಿಂದಗಿಯಾಗ ನಮ್ಮ ಬೀಗರು ಬಿದ್ದ ಬಿದ್ದ ನಗಾಕತ್ತಾರ. ಸಸಿ ಕೇಳಾವ್ರು ಒಬ್ಬರೂ ಇಲ್ಲ."

"ನಿನ್ನ ಹೆಸರು ಹುಡುಕಿದ್ರ ಜೂಜಾಟ ಅಂತ ತೋರಸಲಿಕ್ಕೆ ಹತ್ತ್ಯದ, ರಾಮವ್ವಾ. ಅಳಿಸಿ ಅಳಿಸಿ ನನಗೂ ಸಾಕಾತು."

"ಮಳಿ ಬೀಳೂದ್ರಾಗ ಸಸಿ ಹೋಗಬೇಕ್ರಿ. ಇಲ್ಲಾಂದ್ರ ಬೇರು ಚೀಲ ಹರಕೊಂಡು ನೆಲಕ್ಕ ಇಳೀತಾವು. ಆಮ್ಯಾಲ ಕಿತ್ತ್ರ ಬದಕಂಗಿಲ್ಲ."

"ಹಂಗಾರ ಇಡೀ ಪುಟಾನ ತಗದ ಒಗೀಲೇನು?"

ರಾಮವ್ವ ತೆರೆಯ ಕಡೆಗೆ ನೋಡಿದಳು. ಎಸಳೊಂದು ಅವಳ ಚಿತ್ರದ ಹೆಗಲು ಸವರಿ ಇಳಿಯಿತು. "ಒಗೀರಿ," ಎಂದಳು. "ಹೆಸರ ಕೆಡಿಸಿಕೊಂಡು ಇಟಗೊಂಡು ಏನ ಮಾಡೂದೈತಿ? ಹೊಸಾ ಮಂದೀನ ಎಲ್ಲಿ ಹುಡಕಲಿ ಅದೊಂದ ಚಿಂತಿ."

ಮಾಸ್ತರರು ಗುಂಡಿ ಒತ್ತಿದರು. ಖಂಡಿತ ಅಳಿಸಬೇಕೆ ಎಂದು ತೆರೆ ಕೇಳಿತು. ಹೌದು ಎಂದರೆ ಪುಟ ಹೋಗುತ್ತದೆ, ಹೂವೂ ಹೋಗುತ್ತದೆ. ಯಾರು ತಂದದ್ದು ಎಂದು ಯಾರೂ ಯಾವತ್ತೂ ಕೇಳುವುದಿಲ್ಲ. ಶೈಲಶ್ರೀ ಒಂದು ಹೆಜ್ಜೆ ಮುಂದೆ ಬಂದಳು.

"ಹೂವು ರೀ," ಎಂದಳು.

"ಏನ?"

"ಹೂವಿನಾಗಿಂದ ಬರ್ತಾವ್ರಿ ಅವು. ಪುಕ್ಕಟೆ ಸಿಕ್ಕಿತ್ತು, ನಾನ ತಂದ ಹಾಕಿದ್ದೆ. ದಿನಾ ಅದರ ತಾರೀಖು ಬದಲಾಗತೈತ್ರಿ."

ಮಾಸ್ತರರು ಕುರ್ಚಿಯನ್ನು ಪೂರ್ತಿ ತಿರುಗಿಸಿದರು. "ಮೂರು ದಿನ ನನ್ನ ಬೆನ್ನ ಹಿಂದ ನಿಂತೀದಿ, ಶೈಲಾ! ಒಂದ ಮಾತು ಹೇಳಲಿಕ್ಕೆ ಏನಾಗಿತ್ತು?"

ಅವಳು ಕಸಬರಿಗೆಯ ಕಡ್ಡಿ ಮುರಿಯುತ್ತಿದ್ದಳು. ರಾಮವ್ವ ಅವಳ ಕಡೆಗೆ ತಿರುಗಿದಳು.

"ನನಗ ಅಂಥಾ ಮಾತ ಕೇಳಾಕ ಹಚ್ಚಿದಾಕಿ ನೀನ ಏನ, ಖೋಡಿ?"

"ಹೌದ್ರಿ, ದೊಡ್ಡವ್ವಾ."

"ಹಂಗಾರ ನೀನ ತಗಿ."

ಮಾಸ್ತರರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಹೂವಿನ ಕಡತದಲ್ಲಿ ಹತ್ತಾರು ಚೊಕ್ಕ ಸಾಲುಗಳಿದ್ದವು. ಎಸಳಿನ ತೂಕ, ಗಾಳಿಯ ದಿಕ್ಕು, ಇಳಿಯುವ ವೇಗ. ಅವುಗಳ ಕೆಳಗೆ ಒಂದೇ ಒಂದು ಸಾಲು, ತೆರಪಿಲ್ಲದ ಸಾವಿರಾರು ಅಕ್ಷರ, ಉಸಿರು ತೆಗೆದುಕೊಳ್ಳದೆ ಗೊಣಗಿದ ಹಾಗೆ. ಅವಳು ಕಡತವನ್ನೇ ಅಳಿಸಿದಳು. ಆಮೇಲೆ ಎಡದ ಬಯಲಿನಲ್ಲಿ ಮಲಗಿದ್ದ ಸಾಲುಗಳನ್ನು ಕೊನೆಯವರೆಗೂ ಅಳಿಸಿದಳು. ಮಾಸ್ತರರು ಪುಟದ ಪಾಸ್‌ವರ್ಡ್ ಬದಲಿಸಿದರು.

"ನಾಳೆ ಮುಂಜಾನೆ ತಿಳೀತದ," ಎಂದರು. ರಾಮವ್ವ ಚೀಲ ಎತ್ತಿಕೊಂಡು ಹೋದಳು.

ಮರುದಿನ ಶೈಲಶ್ರೀ ಮಾಸ್ತರರಿಗಿಂತ ಮೊದಲು ಬಂದು ಅಂಗಡಿ ತೆರೆದಳು. ಪುಟದ ಹಿಂದೆ ಹುಡುಕಿದಳು. ಎಡಕ್ಕೆ ಏನೂ ಇರಲಿಲ್ಲ, ಖಾಲಿ ಬಯಲು. ಅಷ್ಟರಲ್ಲಿ ಅಂಗಡಿಯ ಫೋನ್ ರಿಂಗಾಯಿತು.

"ಬಂದಾವೇನ?" ರಾಮವ್ವನ ದನಿ.

"ಇಲ್ರಿ."

"ಗೂಗಲ್‌ನಾಗ?"

"ಅಲ್ಲಿಂದ ಅಳಿಸಿ ಹೋಗಾಕ ಇನ್ನಾ ನಾಕೈದ ದಿನ ಬೇಕಂತ್ರಿ."

"ಹೂಂ. ಮಸೂತಿ ಊರಾಂವ ಒಬ್ಬ ಈಗ ಸಸಿ ಕೇಳ್ದ. ಬರೇ ಸಸೀನ ಕೇಳ್ದ ಮತ್ತ." ಒಂದು ಸಣ್ಣ ನಗು ಬಂದು, ಅರ್ಧಕ್ಕೇ ಫೋನ್ ಕಟ್ಟಾಯಿತು.

ಶೈಲಶ್ರೀ ಪುಟವನ್ನು ನೋಡುತ್ತ ಕೂತಳು. ಏನೂ ಉದುರುತ್ತಿರಲಿಲ್ಲ. ಎಸಳಿನ ಗುಪ್ಪೆ ಮುಚ್ಚಿದ್ದ ಚಿತ್ರದ ಬುಡ ಈಗ ಬಯಲಾಗಿತ್ತು: ರಾಮವ್ವನ ಬರಿಗಾಲು, ಕಪ್ಪು ಚೀಲಗಳ ಸಾಲು, ಆ ಸಾಲುಗಳ ಮೇಲೆ ಅಡ್ಡಲಾಗಿ ಬಿದ್ದ ಒಂದು ಉದ್ದನೆಯ ನೆರಳು. ಎರಡೂ ಮೊಣಕೈ ಎತ್ತಿದ, ಒಂದು ಜಡೆಯ ನೆರಳು. ಅವತ್ತು ಸಸಿಗಳ ನಡುವೆ ಈ ಚಿತ್ರ ತೆಗೆದವಳು ಶೈಲಶ್ರೀಯೇ. ನೆರಳನ್ನು ಕತ್ತರಿಸಿ ತೆಗೆಯುವ ಗುಂಡಿಯ ತನಕ ಹೋದ ಬೆರಳು ಅಲ್ಲೇ ನಿಂತಿತು. ನೆರಳು ಹಾಯ್ದ ಕಡೆಯಲ್ಲೆಲ್ಲ ಎಲೆಗಳ ಹಸಿರು ಬಿಸಿಲಿನಲ್ಲಿದ್ದವುಗಳಿಗಿಂತ ತುಸು ಗಾಢವಾಗಿತ್ತು.